ವಾಕಿಟಾಕಿ ಕೊಳ್ಳುವ ಮೊದಲು ಜಾಗ ನೋಡಿ

ಎಲ್ಲರ ಜೇಬಿನಲ್ಲೂ ಫೋನ್ ಇದೆ, ಮತ್ತೆ ವಾಕಿಟಾಕಿ ಯಾಕೆ? ಹೊರಗೆ ಕೆಲಸ ಮಾಡುವ ತಂಡಕ್ಕೆ ಸೆಟ್ ಕೊಡಿಸೋಣ ಅಂದಾಗ ಮೊದಲು ಬರುವ ಪ್ರಶ್ನೆ ಇದೇ. ಕಾಳ್ಗಿಚ್ಚು ಆರಿಸುವವರು, ಕರೆಂಟ್ ಲೈನ್ ಸರಿ ಮಾಡುವವರು, ಗಣಿಯಲ್ಲಿ ಇಳಿಯುವವರು, ಎತ್ತರದ ಕಟ್ಟಡ ಕಟ್ಟುವವರು, ನೆರೆ ನೀರಿನಲ್ಲಿ ದೋಣಿ ಇಳಿಸುವವರು, ಇವರೆಲ್ಲರಿಗೂ ಉತ್ತರ ಒಂದೇ. ಫೋನ್‌ನಲ್ಲಿ ಒಬ್ಬರು ಒಬ್ಬರ ಜೊತೆ ಮಾತಾಡುತ್ತಾರೆ. ವಾಕಿಟಾಕಿಯಲ್ಲಿ ಒಬ್ಬರು ಬಟನ್ ಒತ್ತಿದರೆ ಇಡೀ ತಂಡ ಒಟ್ಟಿಗೆ ಕೇಳಿಸಿಕೊಳ್ಳುತ್ತದೆ. ನಂಬರ್ ಹುಡುಕಬೇಕಿಲ್ಲ, ರಿಂಗ್ ಆಗಲಿ ಅಂತ ಕಾಯಬೇಕಿಲ್ಲ. "ಕ್ರೇನ್ ನಿಲ್ಲಿಸಿ" ಅನ್ನುವ ಮಾತು ಐದು ಸೆಕೆಂಡ್ ತಡವಾದರೆ ಅದರಿಂದ ಪ್ರಯೋಜನ ಇಲ್ಲ. ಇನ್ನೊಂದು ಮಾತು: ಎರಡು ಸೆಟ್‌ಗಳ ನಡುವೆ ಬೇರೆ ಯಾರ ಟವರೂ ಬೇಕಿಲ್ಲ.

ಹಾಗಾಗಿ ವಾಕಿಟಾಕಿ ಬೇಕೋ ಬೇಡವೋ ಅನ್ನುವುದು ದೊಡ್ಡ ತಕರಾರಲ್ಲ. ತೊಂದರೆ ಇರುವುದು ಆರಿಸುವ ರೀತಿಯಲ್ಲಿ. ಹೆಚ್ಚಿನ ಕಡೆ ಖರೀದಿ ಮಾಡುವವರು ಕೂತು ನೋಡುವುದು ಮೂರೇ ಮೂರು ಅಂಕಿ: ಎಷ್ಟು ವ್ಯಾಟ್, ಎಷ್ಟು ಕಿಲೋಮೀಟರ್, ಎಷ್ಟು ಚಾನೆಲ್. ಆ ಅಂಕಿಗಳನ್ನು ಹೋಲಿಸಿ, ಬೆಲೆ ನೋಡಿ, ಆರ್ಡರ್ ಕೊಟ್ಟುಬಿಡುತ್ತಾರೆ. ಸೆಟ್ ಬಂದ ಮೇಲೆ ಅದು ಆಫೀಸಿನ ಅಂಗಳದಲ್ಲಿ ಚೆನ್ನಾಗಿಯೇ ಕೇಳಿಸುತ್ತದೆ. ಕಣಿವೆಗೆ ಇಳಿದ ದಿನ ಕೇಳಿಸುವುದಿಲ್ಲ.

ನನ್ನ ಪ್ರಕಾರ ಸೆಟ್ ಆರಿಸುವುದು ಕೊನೆಯ ಕೆಲಸ. ನಿಮ್ಮ ತಂಡ ಕೆಲಸ ಮಾಡುವ ಜಾಗದಲ್ಲಿ ಅತಿ ಕೆಟ್ಟ ಮೂಲೆ ಯಾವುದು, ಅತಿ ಕೆಟ್ಟ ಹೊತ್ತು ಯಾವುದು ಅನ್ನುವುದು ಮೊದಲು ಗೊತ್ತಾಗಬೇಕು. ಆ ಮೂಲೆಯಿಂದ, ಆ ಹೊತ್ತಿನಲ್ಲಿ, ಬ್ಯಾಟರಿ ಅರ್ಧ ಖಾಲಿಯಾಗಿರುವಾಗ, ಸುಸ್ತಾದ ಮನುಷ್ಯ ಆಡಿದ ಮಾತು ಇನ್ನೊಬ್ಬರಿಗೆ ಅರ್ಥವಾದರೆ ಆ ಸೆಟ್ ನಂಬಬಹುದು. ಉಳಿದ ಅಂಕಿಗಳೆಲ್ಲ ಅದಕ್ಕೆ ಸಹಾಯ ಮಾಡುತ್ತವೆಯೋ ಇಲ್ಲವೋ ಅಂತ ನೋಡಿದರೆ ಸಾಕು.

ಡಬ್ಬಿಯ ಮೇಲಿನ ಕಿಲೋಮೀಟರ್

ಡಬ್ಬಿಯ ಮೇಲೆ 30 ಕಿಲೋಮೀಟರ್, 50 ಕಿಲೋಮೀಟರ್ ಅಂತ ಬರೆದಿರುತ್ತದೆ. ಒಂದು ಬೆಟ್ಟದ ತುದಿಯಿಂದ ಇನ್ನೊಂದು ಬೆಟ್ಟದ ತುದಿಗೆ, ನಡುವೆ ಏನೂ ಅಡ್ಡ ಇಲ್ಲದಿದ್ದರೆ, ಅಷ್ಟು ದೂರ ಹೋಗುವುದು ನಿಜ. ಆದರೆ ನೆಲದ ಮೇಲೆ ನಿಂತವರಿಗೆ ಭೂಮಿಯೇ ಅಡ್ಡ ಬರುತ್ತದೆ. ಕೈಯಲ್ಲಿ ಹಿಡಿಯುವ ಸೆಟ್‌ಗಳು ಬಳಸುವ ವಿಎಚ್‌ಎಫ್ ಮತ್ತು ಯುಎಚ್‌ಎಫ್ ಅನ್ನುವ ಎರಡು ಬಗೆಯ ರೇಡಿಯೋ ಅಲೆಗಳು ಹೆಚ್ಚುಕಡಿಮೆ ನೇರವಾಗಿಯೇ ಸಾಗುತ್ತವೆ. ಭೂಮಿಯ ಬಾಗು ಶುರುವಾದ ಕಡೆ ಅವುಗಳ ದಾರಿ ಮುಗಿಯುತ್ತಾ ಬರುತ್ತದೆ.

ಇದಕ್ಕೆ ಒಂದು ಸುಲಭ ಲೆಕ್ಕ ಇದೆ. ಆಂಟೆನಾ ನೆಲದಿಂದ ಎಷ್ಟು ಮೀಟರ್ ಎತ್ತರ ಇದೆಯೋ ಅದರ ವರ್ಗಮೂಲವನ್ನು 4.12ರಿಂದ ಗುಣಿಸಿ. ಬರುವುದು ಕಿಲೋಮೀಟರ್ ಲೆಕ್ಕದಲ್ಲಿ ಆ ಆಂಟೆನಾಕ್ಕೆ ಕಾಣುವ ದಿಗಂತ. ಮನುಷ್ಯ ಮುಖದ ಹತ್ತಿರ ಹಿಡಿದ ಸೆಟ್‌ನ ಎತ್ತರ ಸುಮಾರು ಒಂದೂವರೆ ಮೀಟರ್, ಅಂದರೆ ದಿಗಂತ 5 ಕಿಲೋಮೀಟರ್. ಆ ಕಡೆಯವರಿಗೂ ಅಷ್ಟೇ. ಎರಡೂ ಸೇರಿ 10 ಕಿಲೋಮೀಟರ್. ಅದೂ ಮರ, ಮನೆ, ದಿಣ್ಣೆ ಏನೂ ಇಲ್ಲದ ಬಟಾಬಯಲಿನಲ್ಲಿ ಮೇಲ್ಮಿತಿ. ನಿಜವಾದ ಕೆಲಸದ ಜಾಗದಲ್ಲಿ ಒಂದೆರಡು ಕಿಲೋಮೀಟರ್ ಸಿಕ್ಕರೆ ಅದು ಸೆಟ್‌ನ ದೋಷ ಅಲ್ಲ, ಅಲೆಯ ಸ್ವಭಾವ. ಈಗ ಒಂದು ಕಡೆ ಆಂಟೆನಾವನ್ನು 30 ಮೀಟರ್ ಕಂಬದ ಮೇಲೆ ಹಾಕಿ. ಆ ಆಂಟೆನಾ ಒಂದಕ್ಕೇ 22 ಕಿಲೋಮೀಟರ್ ದಾಟಿದ ದಿಗಂತ ಸಿಗುತ್ತದೆ. ಕೈಸೆಟ್‌ನ 5 ಸೇರಿಸಿದರೆ 27ರ ಮೇಲಾಯಿತು. ದೀಪವನ್ನು ಎತ್ತರಕ್ಕೆ ತೂಗುಹಾಕಿದಷ್ಟೂ ಬೆಳಕು ದೂರ ಬೀಳುತ್ತದೆ, ದಿಣ್ಣೆಯ ಹಿಂದೆ ಮಾತ್ರ ನೆರಳೇ. ಆಂಟೆನಾದ ಕತೆಯೂ ಇದೇ.

ವ್ಯಾಟ್ ಜಾಸ್ತಿ ಮಾಡಿದರೆ? ನೆಲದ ಹತ್ತಿರ ಸಾಗುವ ಅಲೆ ಬಹಳ ಬೇಗ ಸೊರಗುತ್ತದೆ. ದೂರ ಎರಡು ಪಟ್ಟಾಗಬೇಕು ಅಂದರೆ ಸುಮಾರು ಹದಿನಾರು ಪಟ್ಟು ಶಕ್ತಿ ಬೇಕು. ಆ ಲೆಕ್ಕದಲ್ಲಿ 1 ವ್ಯಾಟ್ ಸೆಟ್ ಬಿಟ್ಟು 5 ವ್ಯಾಟ್ ಸೆಟ್ ತಂದರೆ ದೂರ ಒಂದೂವರೆ ಪಟ್ಟು ಮಾತ್ರ ಆಗುತ್ತದೆ. 5 ವ್ಯಾಟ್‌ಗೂ 8 ವ್ಯಾಟ್‌ಗೂ ನಡುವಿನ ವ್ಯತ್ಯಾಸ ಕಿವಿಗೆ ಗೊತ್ತಾಗುವುದೇ ಕಷ್ಟ, ಬ್ಯಾಟರಿಗೆ ಮಾತ್ರ ಚೆನ್ನಾಗಿ ಗೊತ್ತಾಗುತ್ತದೆ. ಅದೇ ಆಂಟೆನಾದ ಎತ್ತರ ಎರಡು ಪಟ್ಟು ಮಾಡಿದರೆ ಶಕ್ತಿಯನ್ನು ನಾಲ್ಕು ಪಟ್ಟು ಮಾಡಿದಷ್ಟು ಲಾಭ. ಹಣ ಇದ್ದರೆ ಅದನ್ನು ಕಂಬಕ್ಕೆ, ಒಳ್ಳೆಯ ಕೇಬಲ್‌ಗೆ, ಒಳ್ಳೆಯ ಆಂಟೆನಾಕ್ಕೆ ಹಾಕಿ ಅಂತ ನಾನು ಒತ್ತಿ ಹೇಳುವುದು ಇದಕ್ಕೇ.

ಇಲ್ಲೇ ಇನ್ನೊಂದು ತೊಡಕು ಸಿಕ್ಕಿಹಾಕಿಕೊಳ್ಳುತ್ತದೆ. ಕಂಟ್ರೋಲ್ ರೂಮಿಗೆ 50 ವ್ಯಾಟ್ ಸೆಟ್, ಹೊರಗಿನವರಿಗೆ 5 ವ್ಯಾಟ್ ಕೈಸೆಟ್. ಕಂಟ್ರೋಲ್ ರೂಮಿನ ಮಾತು ಎಲ್ಲರಿಗೂ ಚೆನ್ನಾಗಿ ತಲುಪುತ್ತದೆ. ದೂರದಲ್ಲಿ ಇರುವವರ ಮಾತು ವಾಪಸ್ ಬರುವುದಿಲ್ಲ. "ನಮಗೆ ಕೇಳಿಸ್ತಿದೆ, ನಿಮಗೆ ಕೇಳಿಸ್ತಿಲ್ವಾ?" ಅಂತ ಹೊರಗಿನವರು ಕೂಗುತ್ತಲೇ ಇರುತ್ತಾರೆ. ಯಾವುದೇ ವ್ಯವಸ್ಥೆಯ ನಿಜವಾದ ವ್ಯಾಪ್ತಿ ಅದರ ಅತಿ ದುರ್ಬಲ ಸೆಟ್ ಎಲ್ಲಿಂದ ಮಾತಾಡಿದರೆ ಕೇಳಿಸುತ್ತದೋ ಅಷ್ಟೇ. ಅಳೆಯುವಾಗ ಅದನ್ನೇ ಅಳೆಯಬೇಕು.

ಸೆಟ್ ಎಲ್ಲಿ ಸಿಕ್ಕಿಸಿಕೊಂಡಿದ್ದೀರಿ ಅನ್ನುವುದೂ ಲೆಕ್ಕಕ್ಕೆ ಬರುತ್ತದೆ. ಸೊಂಟದ ಬೆಲ್ಟಿನಲ್ಲಿ ಇದ್ದಾಗ ಆಂಟೆನಾ ಮೈಗೆ ಅಂಟಿರುತ್ತದೆ, ಮೈ ಅಲೆಯನ್ನು ಹೀರುತ್ತದೆ. ಹೊರಗೆ ಹೋಗುವ ಶಕ್ತಿ ಹತ್ತರಲ್ಲಿ ಒಂದು ಪಾಲಿಗೂ ಇಳಿಯಬಹುದು. ಹೆಗಲಿಗೆ ಮೈಕ್ ಹಾಕಿಕೊಂಡು ಸೆಟ್ಟನ್ನು ಬೆಲ್ಟಿನಲ್ಲೇ ಬಿಡುವವರು ಇದನ್ನು ನೆನಪಿಡಬೇಕು. ಕಷ್ಟದ ಜಾಗದಲ್ಲಿ ಸೆಟ್ ಕೈಗೆ ತೆಗೆದುಕೊಂಡು, ಆಂಟೆನಾ ನೆಟ್ಟಗೆ ಮೇಲಕ್ಕೆ ಇರುವಂತೆ ಮುಖದ ಹತ್ತಿರ ಹಿಡಿದರೆ ಎಷ್ಟೋ ಸಲ ಅಷ್ಟರಿಂದಲೇ ಮಾತು ತಲುಪುತ್ತದೆ. ಇನ್ನೂ ಆಗದಿದ್ದರೆ ಒಂದು ಹೆಜ್ಜೆ ಪಕ್ಕಕ್ಕೆ ಸರಿಯಿರಿ. 450 ಮೆಗಾಹರ್ಟ್ಸ್ ಅಲೆಯ ಉದ್ದ ಸುಮಾರು 67 ಸೆಂಟಿಮೀಟರ್. ಗೋಡೆ, ಬಂಡೆ, ವಾಹನಗಳಿಗೆ ಬಡಿದು ಬರುವ ಅಲೆಗಳು ಒಂದನ್ನೊಂದು ಅಳಿಸಿಹಾಕುವ ಸತ್ತ ಜಾಗ ಅದರ ಅರ್ಧದಷ್ಟು ದೂರದಲ್ಲಿ ಮುಗಿದು ಮತ್ತೆ ಸಿಗ್ನಲ್ ಸಿಗುತ್ತದೆ. ಇದನ್ನು ಹೊಸಬರಿಗೆ ಯಾರೂ ಹೇಳಿಕೊಡುವುದಿಲ್ಲ, ಹೇಳಿಕೊಡಬೇಕು.

ವಿಎಚ್‌ಎಫ್ ಒಳ್ಳೆಯದೋ ಯುಎಚ್‌ಎಫ್ ಒಳ್ಳೆಯದೋ

ತೆರೆದ ಬಯಲು, ಗುಡ್ಡ, ದಟ್ಟ ಮರಗಳು ಇರುವ ಕಡೆ ಸಾಮಾನ್ಯವಾಗಿ 136ರಿಂದ 174 ಮೆಗಾಹರ್ಟ್ಸ್‌ನ ವಿಎಚ್‌ಎಫ್ ಮೇಲು. ದಿಣ್ಣೆಯ ಅಂಚಿನಲ್ಲಿ ಅದು ಸ್ವಲ್ಪ ಬಾಗುತ್ತದೆ, ಒದ್ದೆ ಎಲೆಗಳು ಅದನ್ನು ಕಡಿಮೆ ನುಂಗುತ್ತವೆ. ಕಟ್ಟಡ, ಕಾರ್ಖಾನೆ, ಹಡಗು, ಆಸ್ಪತ್ರೆ ಇಂಥ ಕಡೆ 400 ಮೆಗಾಹರ್ಟ್ಸ್ ದಾಟಿದ ಯುಎಚ್‌ಎಫ್ ಮೇಲು. ಅದರ ಅಲೆ ಗಿಡ್ಡ, ಕಿಟಕಿ ಬಾಗಿಲುಗಳ ಸಂದಿಯಲ್ಲಿ ನುಸುಳಿ, ಗೋಡೆಗೆ ಬಡಿದು, ಕಾರಿಡಾರ್‌ನಲ್ಲಿ ಹರಡಿಕೊಳ್ಳುತ್ತದೆ.

ಒಂದು ಎಚ್ಚರಿಕೆ. ವಿಎಚ್‌ಎಫ್‌ಗೆ ಸರಿಯಾದ ಕಾಲು ಅಲೆಯ ಆಂಟೆನಾ ಅರ್ಧ ಮೀಟರ್ ಉದ್ದ ಇರಬೇಕು. ಅಷ್ಟುದ್ದ ಯಾರೂ ಸಿಕ್ಕಿಸಿಕೊಂಡು ಓಡಾಡುವುದಿಲ್ಲ, ಅದಕ್ಕೇ ತಂತಿಯನ್ನು ಸುರುಳಿ ಸುತ್ತಿ ಗಿಡ್ಡ ರಬ್ಬರ್ ಆಂಟೆನಾ ಮಾಡುತ್ತಾರೆ. ಗಿಡ್ಡ ಮಾಡಿದಷ್ಟೂ ಅದು ಶಕ್ತಿ ಕಳೆದುಕೊಳ್ಳುತ್ತದೆ. ಯುಎಚ್‌ಎಫ್‌ನಲ್ಲಿ ಕಾಲು ಅಲೆ ಅಂದರೆ ಸುಮಾರು 17 ಸೆಂಟಿಮೀಟರ್, ಸೆಟ್ ಮೇಲೆ ಆರಾಮಾಗಿ ಕೂರುತ್ತದೆ. ಚೆನ್ನಾಗಿ ಕಾಣುತ್ತದೆ ಅಂತ ಬೆರಳುದ್ದದ ಆಂಟೆನಾ ಇರುವ ವಿಎಚ್‌ಎಫ್ ಸೆಟ್ ಕೊಂಡರೆ ವಿಎಚ್‌ಎಫ್‌ನ ಲಾಭವೇ ಹೋಯಿತು.

ರಿಪೀಟರ್ ಮತ್ತು ಎರಡನೇ ಬಟನ್

ಜಾಗ ದೊಡ್ಡದಾದರೆ ರಿಪೀಟರ್ ಬೇಕಾಗುತ್ತದೆ. ಎತ್ತರದ ಜಾಗದಲ್ಲಿ ಕೂತು, ಒಂದು ಫ್ರೀಕ್ವೆನ್ಸಿಯಲ್ಲಿ ಕೇಳಿಸಿಕೊಂಡು, ಅದೇ ಕ್ಷಣ ಇನ್ನೊಂದು ಫ್ರೀಕ್ವೆನ್ಸಿಯಲ್ಲಿ ಜೋರಾಗಿ ವಾಪಸ್ ಹೇಳುವ ಯಂತ್ರ ಅದು. ಗುಡ್ಡದ ಈಚೆ ಇರುವವರೂ ಆಚೆ ಇರುವವರೂ ಅದರ ಮೂಲಕ ಮಾತಾಡಬಹುದು. ಆದರೆ ಎಲ್ಲರೂ ಅದೊಂದನ್ನೇ ನೆಚ್ಚಿಕೊಂಡಾಗ ಅದು ಕೆಟ್ಟರೆ ಎಲ್ಲರೂ ಮೂಕರು.

2001ರ ಸೆಪ್ಟೆಂಬರ್ 11ರಂದು ನ್ಯೂಯಾರ್ಕಿನ ವರ್ಲ್ಡ್ ಟ್ರೇಡ್ ಸೆಂಟರ್‌ನಲ್ಲಿ ಆದದ್ದನ್ನು ರೇಡಿಯೋ ಆರಿಸುವ ಪ್ರತಿಯೊಬ್ಬರೂ ತಿಳಿದುಕೊಳ್ಳಬೇಕು ಅಂತ ನನಗನಿಸುತ್ತದೆ. 1993ರಲ್ಲಿ ಅಲ್ಲಿ ಬಾಂಬ್ ಸ್ಫೋಟ ಆದಾಗ ಅಗ್ನಿಶಾಮಕ ಸಿಬ್ಬಂದಿಯ ಸೆಟ್‌ಗಳು ಆ ಎತ್ತರದ ಕಟ್ಟಡದೊಳಗೆ ಸರಿಯಾಗಿ ಕೆಲಸ ಮಾಡಿರಲಿಲ್ಲ. ಅದಕ್ಕೇ ಅಲ್ಲಿ ಅವರಿಗೋಸ್ಕರ ಒಂದು ರಿಪೀಟರ್ ಹಾಕಿದ್ದರು. ಅದನ್ನು ಬಳಸಲು ಲಾಬಿಯಲ್ಲಿ ಒಂದು ಫಲಕ. ಒಂದು ಬಟನ್ ಒತ್ತಿದರೆ ರಿಪೀಟರ್ ಚಾಲೂ. ಫಲಕದಲ್ಲೇ ಇದ್ದ ಮುಖ್ಯ ಹ್ಯಾಂಡ್‌ಸೆಟ್‌ನಿಂದ ಮಾತಾಡಬೇಕಾದರೆ ಎರಡನೇ ಬಟನ್ ಕೂಡ ಒತ್ತಬೇಕು. ಆ ದಿನ ಬೆಳಿಗ್ಗೆ ಉತ್ತರ ಗೋಪುರದ ಲಾಬಿಯಲ್ಲಿ ಮೊದಲ ಬಟನ್ ಒತ್ತಿದ್ದರು, ಎರಡನೆಯದನ್ನು ಒತ್ತಿರಲಿಲ್ಲ. ಅಧಿಕಾರಿಗಳು ಹ್ಯಾಂಡ್‌ಸೆಟ್ ಹಿಡಿದು ಪರೀಕ್ಷೆ ಮಾಡಿದರು. ಮಾತು ಹೋಗಲಿಲ್ಲ, ಆ ಕಡೆಯ ಮಾತೂ ಕೇಳಿಸಲಿಲ್ಲ. ರಿಪೀಟರ್ ಕೆಟ್ಟಿದೆ ಅಂದುಕೊಂಡು ಅದನ್ನು ಬಿಟ್ಟುಬಿಟ್ಟರು. ರಿಪೀಟರ್ ಕೆಟ್ಟಿರಲಿಲ್ಲ. ಮುಂದೆ ದಕ್ಷಿಣ ಗೋಪುರದಲ್ಲಿ ಹತ್ತಿದ ಸಿಬ್ಬಂದಿ ತಮ್ಮ ಕೈಸೆಟ್‌ಗಳಲ್ಲಿ ಅದೇ ರಿಪೀಟರ್ ಚಾನೆಲ್‌ನಲ್ಲಿ ಮಾತಾಡಿದರು. ಈ ವಿವರಗಳೆಲ್ಲ ಆ ದುರಂತದ ಬಗ್ಗೆ ಅಮೆರಿಕ ನೇಮಿಸಿದ ಆಯೋಗದ ವರದಿಯಲ್ಲಿವೆ.

ಉತ್ತರ ಗೋಪುರದಲ್ಲಿ ಇನ್ನೂ ಒಂದು ಕಷ್ಟ ಸೇರಿಕೊಂಡಿತು. ಬಹಳಷ್ಟು ತಂಡಗಳು ಒಂದೇ ಚಾನೆಲ್‌ನಲ್ಲಿ ಇದ್ದವು, ಒಬ್ಬರ ಮಾತಿನ ಮೇಲೆ ಒಬ್ಬರ ಮಾತು ಬೀಳುತ್ತಿತ್ತು. ಮೇಲೆ ಹಾರುತ್ತಿದ್ದ ಪೊಲೀಸ್ ಹೆಲಿಕಾಪ್ಟರ್‌ನವರಿಗೆ ಕಟ್ಟಡದ ಸ್ಥಿತಿ ಕಾಣುತ್ತಿತ್ತು, ಆದರೆ ಪೊಲೀಸರ ರೇಡಿಯೋ ಬೇರೆ, ಅಗ್ನಿಶಾಮಕರ ರೇಡಿಯೋ ಬೇರೆ. ಹೊರಗೆ ಬನ್ನಿ ಅನ್ನುವ ಆದೇಶ ಅನೇಕರ ಕಿವಿಗೆ ಬೀಳಲೇ ಇಲ್ಲ. ಆ ದಿನ 343 ಅಗ್ನಿಶಾಮಕ ಸಿಬ್ಬಂದಿ ಸತ್ತರು. ಎಲ್ಲ ಸಾವಿಗೂ ರೇಡಿಯೋ ಕಾರಣ ಅನ್ನಲಾಗದು. ಆದರೆ ಕೆಲಸ ಮಾಡುತ್ತಿದ್ದ ಯಂತ್ರವನ್ನು ಕೆಟ್ಟಿದೆ ಅಂದುಕೊಂಡು ಕೈಬಿಟ್ಟದ್ದು ನನ್ನನ್ನು ಈಗಲೂ ಕಾಡುತ್ತದೆ.

ಇದರಿಂದ ಖರೀದಿಗೆ ಬೇಕಾದ ಮೂರು ಮಾತು ಸಿಗುತ್ತವೆ. ತುರ್ತಿನಲ್ಲಿ ಎರಡು ಹೆಜ್ಜೆ ನೆನಪಿಟ್ಟುಕೊಳ್ಳಬೇಕಾದ ವ್ಯವಸ್ಥೆ ಬೇಡ. ಪ್ರತಿ ಸೆಟ್‌ನಲ್ಲೂ ರಿಪೀಟರ್ ಇಲ್ಲದೆ ನೇರ ಮಾತಾಡುವ ಚಾನೆಲ್ ಒಂದು ಇರಲೇಬೇಕು. ಅದು ಯಾವ ನಂಬರಿನಲ್ಲಿದೆ ಅನ್ನುವುದು ತಂಡದ ಎಲ್ಲರಿಗೂ ಬಾಯಿಪಾಠ ಆಗಿರಬೇಕು. ಪಕ್ಕದಲ್ಲಿ ಕೆಲಸ ಮಾಡುವ ಇನ್ನೊಂದು ತಂಡದ ಜೊತೆ ಮಾತಾಡುವುದು ಹೇಗೆ ಅನ್ನುವುದು ಮೊದಲೇ ತೀರ್ಮಾನ ಆಗಿರಬೇಕು. ಬೆಂಕಿ ಹತ್ತಿದ ಮೇಲೆ ಫ್ರೀಕ್ವೆನ್ಸಿ ಹಂಚಿಕೊಳ್ಳಲು ಆಗುವುದಿಲ್ಲ.

ಡಿಜಿಟಲ್ ಆದರೆ ಸಾಕಾ?

ಈಗ ಮಾರುವವರು ಮೊದಲು ಹೇಳುವುದು ಡಿಜಿಟಲ್. ಡಿಎಂಆರ್ ಅನ್ನುವ ಮಾನದಂಡವನ್ನು ಯುರೋಪಿನ ಇಟಿಎಸ್‌ಐ ಸಂಸ್ಥೆ 2005ರಲ್ಲಿ ಹೊರತಂದಿತು, ಇವತ್ತು ಬಹುಪಾಲು ವ್ಯಾಪಾರಿ ಡಿಜಿಟಲ್ ಸೆಟ್‌ಗಳು ಅದರವೇ. 12.5 ಕಿಲೋಹರ್ಟ್ಸ್ ಅಗಲದ ಒಂದೇ ಚಾನೆಲ್ಲನ್ನು ಅದು ತಲಾ 30 ಮಿಲಿಸೆಕೆಂಡಿನ ಎರಡು ಸರದಿಗಳಾಗಿ ಒಡೆಯುತ್ತದೆ. ಒಂದೇ ಫ್ರೀಕ್ವೆನ್ಸಿಯಲ್ಲಿ ಎರಡು ಗುಂಪು ಒಟ್ಟಿಗೆ ಮಾತಾಡಬಹುದು. ಮಾತಾಡುವಾಗಲೂ ಸೆಟ್ ಅರ್ಧ ಹೊತ್ತು ಮಾತ್ರ ಪ್ರಸಾರ ಮಾಡುವುದರಿಂದ ಬ್ಯಾಟರಿ ಉಳಿಯುತ್ತದೆ. ಯಾರು ಮಾತಾಡುತ್ತಿದ್ದಾರೆ ಅನ್ನುವುದು ಪರದೆಯ ಮೇಲೆ ಬರುತ್ತದೆ, ಅವರು ಎಲ್ಲಿದ್ದಾರೆ ಅನ್ನುವುದನ್ನೂ ಕಳಿಸಬಹುದು. ಈ ಲಾಭಗಳು ನಿಜ.

ಆದರೆ ಅಂಚಿನಲ್ಲಿ ಅದು ನಡೆದುಕೊಳ್ಳುವ ರೀತಿ ಬೇರೆ. ಹಳೆಯ ಬಗೆಯ ಅನಲಾಗ್ ಸೆಟ್‌ನಲ್ಲಿ ಸಿಗ್ನಲ್ ಕುಗ್ಗುತ್ತಾ ಹೋದಂತೆ ಸರಸರ ಸದ್ದು ಏರುತ್ತದೆ. ಕೇಳುವವರಿಗೆ "ಇನ್ನು ಸ್ವಲ್ಪ ಮುಂದೆ ಹೋದರೆ ಕಟ್ ಆಗುತ್ತೆ" ಅಂತ ಗೊತ್ತಾಗುತ್ತದೆ. ಪಳಗಿದ ಕಿವಿ ಆ ಸದ್ದಿನ ನಡುವೆಯೂ ಎರಡು ಮಾತು ಹೆಕ್ಕಿಕೊಳ್ಳುತ್ತದೆ. ಡಿಜಿಟಲ್ ಕೊನೆಯವರೆಗೂ ಸ್ವಚ್ಛವಾಗಿ ಕೇಳಿಸುತ್ತದೆ, ಆಮೇಲೆ ಮಾತು ಒಡೆದು ಗುರುತೇ ಸಿಗದಂತಾಗಿ ಪೂರ್ತಿ ನಿಂತುಬಿಡುತ್ತದೆ. ಮುನ್ಸೂಚನೆ ಇಲ್ಲ.

ಎರಡನೆಯದು ಗದ್ದಲ. ಡಿಜಿಟಲ್ ಸೆಟ್ ನಿಮ್ಮ ದನಿಯನ್ನು ಹಾಗೇ ಕಳಿಸುವುದಿಲ್ಲ. ಮನುಷ್ಯನ ದನಿ ಹೀಗಿರುತ್ತದೆ ಅನ್ನುವ ಒಂದು ಅಂದಾಜಿಗೆ ಹೊಂದಿಸಿ, ಕೆಲವೇ ಅಂಕಿಗಳಾಗಿ ಮಾಡಿ ಕಳಿಸುತ್ತದೆ. ಹಿಂದುಗಡೆ ಮರ ಕೊಯ್ಯುವ ಗರಗಸ, ಅಲಾರಂ, ಪಂಪ್ ಕಿರುಚುತ್ತಿದ್ದರೆ ಆ ಅಂದಾಜು ತಪ್ಪುತ್ತದೆ. ಅಮೆರಿಕ ಸರ್ಕಾರದ ದೂರಸಂಪರ್ಕ ಸಂಸ್ಥೆ ಎನ್‌ಟಿಐಎ 2008ರಲ್ಲಿ ಬೆಂಕಿ ಆರಿಸುವ ಜಾಗದ ಗದ್ದಲವನ್ನೇ ಹಾಕಿ ಅನಲಾಗ್, ಡಿಜಿಟಲ್ ಎರಡನ್ನೂ ಪರೀಕ್ಷಿಸಿತ್ತು. ಕೆಲವು ಸದ್ದುಗಳ ನಡುವೆ ಡಿಜಿಟಲ್ ಮಾತು ಅನಲಾಗ್‌ಗಿಂತ ಕಡಿಮೆ ಅರ್ಥವಾಯಿತು. ಆಮೇಲೆ ಸದ್ದು ಕತ್ತರಿಸುವ ತಂತ್ರ ಬಹಳ ಸುಧಾರಿಸಿದೆ. ಆದರೂ ನಿಮ್ಮ ಕೆಲಸದಲ್ಲಿ ಯಾವ ಯಂತ್ರ ಸದ್ದು ಮಾಡುತ್ತದೋ ಅದರ ಪಕ್ಕದಲ್ಲೇ ನಿಂತು ಪರೀಕ್ಷೆ ಮಾಡದೆ ಡಿಜಿಟಲ್ ಕೊಳ್ಳಬೇಡಿ.

ನ್ಯೂಯಾರ್ಕಿನ ಅದೇ ಅಗ್ನಿಶಾಮಕ ಇಲಾಖೆ 2001ರ ಮಾರ್ಚ್‌ನಲ್ಲಿ ಹೊಸ ಡಿಜಿಟಲ್ ಸೆಟ್‌ಗಳನ್ನು ಹಂಚಿತ್ತು. ಕಷ್ಟದಲ್ಲಿದ್ದ ಒಬ್ಬ ಸಿಬ್ಬಂದಿಯ ಕರೆ ಜೊತೆಗಾರರಿಗೆ ಕೇಳಿಸದೆ ಹೋದ ಮೇಲೆ ಕೆಲವೇ ದಿನಗಳಲ್ಲಿ ಎಲ್ಲವನ್ನೂ ವಾಪಸ್ ತೆಗೆದುಕೊಂಡಿತು. ಸೆಪ್ಟೆಂಬರ್‌ನಲ್ಲಿ ಅವರ ಕೈಯಲ್ಲಿ ಇದ್ದದ್ದು ಹಳೆಯ ಅನಲಾಗ್ ಸೆಟ್‌ಗಳೇ. ಹೊಸದನ್ನು ಒಂದೇ ದಿನ ಎಲ್ಲರಿಗೂ ಹಂಚದೆ, ಒಂದು ಚಿಕ್ಕ ತಂಡಕ್ಕೆ ಕೊಟ್ಟು ಕೆಲವು ವಾರ ನೋಡುವುದು ಎಷ್ಟು ಮುಖ್ಯ ಅಂತ ಇದು ಹೇಳುತ್ತದೆ.

ಇನ್ನೊಂದು: ಅನಲಾಗ್ ಎಫ್‌ಎಂನಲ್ಲಿ ಒಂದೇ ಫ್ರೀಕ್ವೆನ್ಸಿಗೆ ಹಾಕಿದರೆ ಯಾವ ಕಂಪನಿಯ ಸೆಟ್ ಆದರೂ ಇನ್ನೊಂದರ ಜೊತೆ ಮಾತಾಡುತ್ತದೆ. ಡಿಜಿಟಲ್‌ನಲ್ಲಿ ಡಿಎಂಆರ್, ಪಿ25, ಟೆಟ್ರಾ ಅಂತ ಬೇರೆ ಬೇರೆ ಮಾನದಂಡಗಳಿವೆ, ಒಂದರ ಮಾತು ಇನ್ನೊಂದಕ್ಕೆ ಅರ್ಥವಾಗುವುದಿಲ್ಲ. ಬೇರೆ ಸಂಸ್ಥೆಯವರ ಜೊತೆ ಕೆಲಸ ಮಾಡುವ ತಂಡಕ್ಕೆ ಅನಲಾಗ್, ಡಿಜಿಟಲ್ ಎರಡೂ ಬರುವ ಸೆಟ್ ಬೇಕು, ಅದರಲ್ಲಿ ಒಂದು ಚಾನೆಲ್ಲಾದರೂ ಅನಲಾಗ್ ಆಗಿ ಉಳಿಯಬೇಕು.

ಬ್ಯಾಟರಿಯ ಲೆಕ್ಕ ನೀವೇ ಹಾಕಿ

ಬ್ಯಾಟರಿ "12 ಗಂಟೆ" ಅಂತ ಬರೆದಿದ್ದರೆ ಅದರ ಹಿಂದೆ ಒಂದು ಷರತ್ತು ಇರುತ್ತದೆ. ನೂರರಲ್ಲಿ 5 ಪಾಲು ಹೊತ್ತು ಮಾತಾಡುವುದು, 5 ಪಾಲು ಕೇಳುವುದು, 90 ಪಾಲು ಸುಮ್ನೆ ಇರುವುದು. ಈ 5-5-90 ಲೆಕ್ಕ ಈ ವ್ಯಾಪಾರದಲ್ಲಿ ಎಲ್ಲರೂ ಬಳಸುವುದು. ಕಾವಲು ಕೆಲಸಕ್ಕೆ ಇದು ಸರಿ. ತುರ್ತು ಕೆಲಸದಲ್ಲಿ ಯಾರೂ 90 ಪಾಲು ಸುಮ್ನೆ ಇರುವುದಿಲ್ಲ.

ಒಂದು ಸಾಧಾರಣ ಅನಲಾಗ್ ಸೆಟ್ ತೆಗೆದುಕೊಳ್ಳಿ. 2000 ಮಿಲಿಆಂಪ್-ಅವರ್ ಬ್ಯಾಟರಿ. ಪೂರ್ತಿ ಶಕ್ತಿಯಲ್ಲಿ ಮಾತಾಡುವಾಗ ಸುಮಾರು 1500 ಮಿಲಿಆಂಪ್ ಎಳೆಯುತ್ತದೆ, ಸ್ಪೀಕರ್ ಮಾತಾಡುವಾಗ 300, ಸುಮ್ನೆ ಇದ್ದಾಗ 70 ಅಂತ ಇಟ್ಟುಕೊಳ್ಳೋಣ. 5-5-90ರಲ್ಲಿ ಇದು 13 ಗಂಟೆ ಬರುತ್ತದೆ. ಈಗ ನೂರರಲ್ಲಿ 15 ಪಾಲು ಮಾತು, 25 ಪಾಲು ಕೇಳುವುದು, 60 ಪಾಲು ಸುಮ್ನೆ ಅಂತ ಮಾಡಿ. ಆರು ಗಂಟೆಗೂ ಬರುವುದಿಲ್ಲ. ಬ್ಯಾಟರಿ ಹಳೆಯದಾಗಿ ಐದರಲ್ಲಿ ನಾಲ್ಕು ಪಾಲು ಉಳಿದಿದ್ದರೆ ಐದು ಗಂಟೆಯೊಳಗೆ ಮುಗಿಯುತ್ತದೆ. ಕೊರೆಯುವ ಚಳಿಯಲ್ಲಿ ಇನ್ನೂ ಬೇಗ. ಹನ್ನೆರಡು ಗಂಟೆ ಪಾಳಿಗೆ ಒಂದೇ ಬ್ಯಾಟರಿ ಕೊಟ್ಟು ಕಳಿಸುವ ಸಂಸ್ಥೆ ಈ ಲೆಕ್ಕವನ್ನು ಒಂದು ಸಲ ಕಾಗದದ ಮೇಲೆ ಬರೆದು ನೋಡಲಿ.

ಪ್ರತಿ ಸೆಟ್‌ಗೂ ಎರಡು ಬ್ಯಾಟರಿ ಇರಲಿ. ಬ್ಯಾಟರಿಯ ಮೇಲೆ ಕೊಂಡ ತಿಂಗಳು, ವರ್ಷ ಮಾರ್ಕರ್‌ನಲ್ಲಿ ಬರೆಯಿರಿ. ಬಹುಪಾಲು ಬ್ಯಾಟರಿಗಳು ಕೆಲವು ನೂರು ಸಲ ಚಾರ್ಜ್ ಆದ ಮೇಲೆ ಸೊರಗುತ್ತವೆ, ನೋಡಲು ಮಾತ್ರ ಹೊಸದರ ಹಾಗೇ ಇರುತ್ತವೆ. ಎಲ್ಲ ಹಳತು ಹೊಸತು ಒಂದೇ ಡಬ್ಬಿಯಲ್ಲಿ ಬೆರೆತರೆ ಯಾರಿಗೆ ಸತ್ತ ಬ್ಯಾಟರಿ ಸಿಗುತ್ತದೆ ಅನ್ನುವುದು ಅದೃಷ್ಟದ ಮಾತಾಗುತ್ತದೆ.

ನೀರು ಧೂಳಿನ ವಿಷಯ ಬೇಗ ಮುಗಿಸಬಹುದು. ಸೆಟ್ ಮೇಲೆ ಐಪಿ67 ಅನ್ನುವ ಗುರುತು ಇದ್ದರೆ ಧೂಳು ಒಳಗೆ ಹೋಗುವುದಿಲ್ಲ, ಒಂದು ಮೀಟರ್ ನೀರಿನಲ್ಲಿ ಅರ್ಧ ಗಂಟೆ ಇದ್ದರೂ ಸಹಿಸುತ್ತದೆ. ಆದರೆ ಪಕ್ಕದಲ್ಲಿ ಮೈಕ್ ಸಿಕ್ಕಿಸುವ ಜಾಗದ ಮುಚ್ಚಳ ಸರಿಯಾಗಿ ಮುಚ್ಚಿದ್ದರೆ ಮಾತ್ರ. ಗ್ಯಾಸ್, ಪೆಟ್ರೋಲ್ ಆವಿ, ಕಲ್ಲಿದ್ದಲ ಧೂಳು ಇರುವ ಕಡೆ ಕಿಡಿ ಹಾರದ ಪ್ರಮಾಣಪತ್ರ ಇರುವ ಸೆಟ್ಟೇ ಬೇಕು. ಅದಕ್ಕೆ ಬೇರೆ ಅಗ್ಗದ ಬ್ಯಾಟರಿ ಹಾಕಿದರೆ ಆ ಪ್ರಮಾಣಪತ್ರಕ್ಕೆ ಬೆಲೆ ಇಲ್ಲ.

ಮೊಬೈಲ್ ನೆಟ್‌ವರ್ಕ್ ಮೇಲೆ ಓಡುವ ವಾಕಿಟಾಕಿ

ಈಚೆಗೆ ಸಿಮ್ ಹಾಕುವ ವಾಕಿಟಾಕಿ ಜಾಸ್ತಿ ಬರುತ್ತಿವೆ. ನೋಡಲು ಸೆಟ್‌ನ ಹಾಗೇ, ಬಟನ್ ಒತ್ತಿ ಮಾತಾಡುವುದೂ ಹಾಗೇ, ಮಾತು ಹೋಗುವುದು ಮೊಬೈಲ್ ಟವರ್ ಮೂಲಕ. ದೂರದ ಮಿತಿ ಇಲ್ಲ. ಊರೂರಿಗೆ ಹರಡಿರುವ ಲಾರಿಗಳಿಗೆ, ಡೆಲಿವರಿಗೆ, ನಗರದ ಕಾವಲು ಕೆಲಸಕ್ಕೆ ಇದು ಚೆನ್ನಾಗಿ ಹೊಂದುತ್ತದೆ. ಕಂಬ, ರಿಪೀಟರ್ ಖರ್ಚೂ ಇಲ್ಲ.

ಆದರೆ ನೆರೆ, ಚಂಡಮಾರುತ, ಭೂಕಂಪ ಬಂದಾಗ ಮೊದಲು ಕೈಕೊಡುವುದು ಅದೇ ಟವರ್‌ಗಳು. ಕರೆಂಟ್ ಹೋದ ಮೇಲೆ ಬಹಳಷ್ಟು ಟವರ್‌ಗಳ ಬ್ಯಾಟರಿ ಕೆಲವೇ ಗಂಟೆ ಬರುತ್ತದೆ. ನಿಂತಿರುವ ಟವರ್ ಮೇಲೆ ಊರಿನವರೆಲ್ಲ ಒಟ್ಟಿಗೆ ಕರೆ ಮಾಡುತ್ತಾರೆ. ಮೊಬೈಲ್ ಮಾನದಂಡ ಬರೆಯುವ 3ಜಿಪಿಪಿ ಕೂಟ 2016ರಲ್ಲಿ ತುರ್ತು ಸೇವೆಗಳಿಗೆಂದೇ ಬಟನ್ ಒತ್ತಿ ಮಾತಾಡುವ ವ್ಯವಸ್ಥೆಯನ್ನು ಸೇರಿಸಿತು. ಅದು ಇದ್ದರೆ ತುರ್ತು ಕರೆಗೆ ಆದ್ಯತೆ ಸಿಗುತ್ತದೆ, ಆದರೆ ಟವರ್ ನಿಂತಿರಬೇಕು. ಬ್ರಿಟನ್ ತನ್ನ ಪೊಲೀಸ್, ಅಗ್ನಿಶಾಮಕ, ಆಂಬ್ಯುಲೆನ್ಸ್ ಸೇವೆಗಳನ್ನು ಟೆಟ್ರಾ ರೇಡಿಯೋದಿಂದ 4ಜಿ ಮೊಬೈಲ್‌ಗೆ ಸಾಗಿಸಲು 2015ರಲ್ಲೇ ಗುತ್ತಿಗೆ ಕೊಟ್ಟಿತ್ತು. 2020ರ ಹೊತ್ತಿಗೆ ಮುಗಿಯಬೇಕಿದ್ದ ಕೆಲಸ ಈಗ 2029ಕ್ಕೆ ಹೋಗಿದೆ. ಅಲ್ಲಿಯವರೆಗೆ ಹಳೆಯ ಟೆಟ್ರಾವೇ ಗತಿ. ನೆಟ್‌ವರ್ಕ್ ಇಲ್ಲದಾಗ ಸೆಟ್‌ನಿಂದ ಸೆಟ್‌ಗೆ ನೇರ ಮಾತಾಡುವುದು ಅವರಿಗೆ ಎದುರಾದ ಕಷ್ಟಗಳಲ್ಲಿ ಒಂದು. ಇಷ್ಟು ದೊಡ್ಡ ದೇಶಕ್ಕೇ ಇದು ಸುಲಭ ಆಗಿಲ್ಲ ಅಂದಮೇಲೆ ಚಿಕ್ಕ ತಂಡ ಪೂರ್ತಿ ಸಿಮ್ ಸೆಟ್ ಮೇಲೆ ಬೀಳುವುದು ನನಗೆ ಸರಿ ಕಾಣುವುದಿಲ್ಲ. ಎರಡೂ ಬರುವ ಸೆಟ್‌ಗಳು ಇವೆ. ಇಲ್ಲದಿದ್ದರೆ ತಂಡದೊಳಗೆ ಮಾಮೂಲಿ ವಾಕಿಟಾಕಿ, ದೂರದ ಕಚೇರಿಗೆ ಸಿಮ್ ಸೆಟ್ ಅಂತ ಹಂಚಿಕೊಳ್ಳಬಹುದು.

ಗುಟ್ಟು ಮತ್ತು ಲೈಸೆನ್ಸ್

"ಪ್ರೈವಸಿ ಕೋಡ್" ಅಂತ ಪೆಟ್ಟಿಗೆಯ ಮೇಲೆ ಇದ್ದರೆ ಅದರಿಂದ ನಿಮ್ಮ ಮಾತು ಗುಟ್ಟಾಗಿ ಉಳಿಯುವುದಿಲ್ಲ. ಮಾತಿನ ಜೊತೆ ಒಂದು ಸಣ್ಣ ದನಿ ಸೇರಿಸಿ, ಬೇರೆಯವರ ಮಾತು ನಿಮ್ಮ ಸ್ಪೀಕರ್‌ನಲ್ಲಿ ಬಾರದಂತೆ ತಡೆಯುತ್ತಾರೆ ಅಷ್ಟೇ. ನಿಮ್ಮ ಮಾತನ್ನು ಯಾರು ಬೇಕಾದರೂ ಕೇಳಬಹುದು. ರೋಗಿಯ ಹೆಸರು, ಹಣ ಸಾಗಿಸುವ ದಾರಿ ಇಂಥವನ್ನು ಆಡುವ ತಂಡಕ್ಕೆ ಎಇಎಸ್-256ನಂಥ ಗಟ್ಟಿ ಗೂಢಲಿಪಿ ಬೇಕು. ಹೆಸರಿಗೆ ಗೂಢಲಿಪಿ ಇದ್ದರೆ ಸಾಲದು. ಟೆಟ್ರಾದ ಟಿಇಎ1 ಅನ್ನುವ ಗೂಢಲಿಪಿಯ ಕೀಲಿ ನಿಜದಲ್ಲಿ 32 ಬಿಟ್‌ಗೆ ಇಳಿದಿದೆ ಅಂತ 2023ರಲ್ಲಿ ನೆದರ್ಲೆಂಡ್ಸಿನ ಸಂಶೋಧಕರು ಬಯಲು ಮಾಡಿದರು. ಮಾಮೂಲಿ ಕಂಪ್ಯೂಟರ್‌ನಿಂದಲೇ ಒಡೆಯಬಹುದಾದಷ್ಟು ಸಣ್ಣದು ಅದು.

ಫ್ರೀಕ್ವೆನ್ಸಿ ಯಾರ ಸ್ವಂತದ್ದೂ ಅಲ್ಲ, ಪ್ರತಿ ದೇಶವೂ ಅದನ್ನು ಹಂಚುತ್ತದೆ. ಯುರೋಪಿನಲ್ಲಿ 446 ಮೆಗಾಹರ್ಟ್ಸ್ ಹತ್ತಿರ ಅರ್ಧ ವ್ಯಾಟ್‌ವರೆಗೆ ಲೈಸೆನ್ಸ್ ಬೇಡ, ಆಂಟೆನಾ ಬಿಚ್ಚುವ ಹಾಗಿಲ್ಲ. ಅಮೆರಿಕದಲ್ಲಿ ಲೈಸೆನ್ಸ್ ಬೇಡದ ಎಫ್‌ಆರ್‌ಎಸ್ ಅನ್ನುವ ರೇಡಿಯೋ ಸೇವೆಯ ಕೆಲವು ಚಾನೆಲ್‌ಗಳಲ್ಲಿ 2 ವ್ಯಾಟ್‌ವರೆಗೆ ಬಿಟ್ಟಿದ್ದಾರೆ. ಆನ್‌ಲೈನ್‌ನಲ್ಲಿ ಸಿಗುವ ಅಗ್ಗದ ಸೆಟ್‌ಗಳಲ್ಲಿ ಯಾವ ಫ್ರೀಕ್ವೆನ್ಸಿ ಬೇಕಾದರೂ ಹಾಕಬಹುದು, ಅದೇ ಅವುಗಳ ಅಪಾಯ. ಗೊತ್ತಿಲ್ಲದೆ ಆಂಬ್ಯುಲೆನ್ಸ್ ಚಾನೆಲ್ ಮೇಲೆ ಕೂತರೆ ತೊಂದರೆ ನಿಮಗೊಬ್ಬರಿಗೇ ಅಲ್ಲ. ಲೈಸೆನ್ಸ್ ಇಲ್ಲದ ಚಾನೆಲ್‌ನಲ್ಲಿ ಇನ್ನೊಂದು ಗುಂಪು ಬಂದು ಕೂತರೆ ಎದ್ದು ಹೋಗಿ ಅನ್ನುವ ಹಕ್ಕೂ ನಿಮಗಿಲ್ಲ. ಜೀವದ ಪ್ರಶ್ನೆ ಇರುವ ಕೆಲಸಕ್ಕೆ ಲೈಸೆನ್ಸ್ ಪಡೆದ ಚಾನೆಲ್ ಇರಲೇಬೇಕು.

ಮಾತಾಡುವ ಅಭ್ಯಾಸ

ಬಟನ್ ಒತ್ತಿದ ಕೂಡಲೇ ಮಾತು ಶುರು ಮಾಡುವುದು, ಮಾತು ಮುಗಿಯುವ ಮೊದಲೇ ಬೆರಳು ಎತ್ತುವುದು, ಇವೆರಡು ಎಲ್ಲ ಕಡೆ ಇರುವ ಚಾಳಿ. ರಿಪೀಟರ್ ಎಚ್ಚರವಾಗಲು, ಡಿಜಿಟಲ್ ಸೆಟ್ ಹೊಂದಿಕೊಳ್ಳಲು ಅರ್ಧ ಸೆಕೆಂಡ್ ಬೇಕು. ಮೊದಲ ಮಾತು ನುಂಗಿಹೋಗುತ್ತದೆ. ಕನ್ನಡದಲ್ಲಿ ಕೊನೆಯ ಮಾತು ನುಂಗಿಹೋದರೆ ಇನ್ನೂ ಕಷ್ಟ, ಯಾಕೆಂದರೆ ಬೇಡ ಅನ್ನುವುದು ವಾಕ್ಯದ ಕೊನೆಗೆ ಬರುತ್ತದೆ. "ಮೂರನೇ ಲೈನಿಗೆ ಕರೆಂಟ್ ಕೊಡಬೇಡಿ" ಅನ್ನುವುದರ ಬಾಲ ಕತ್ತರಿಸಿದರೆ ಏನು ಉಳಿಯುತ್ತದೆ ನೋಡಿ. ಅದಕ್ಕೇ ಅಪಾಯದ ಆದೇಶವನ್ನು "ಬೇಡ" ಅಂತ ಹೇಳದೆ "ಮೂರನೇ ಲೈನ್ ಬಂದ್ ಇರಲಿ" ಅಂತ ನೇರ ಹೇಳುವುದು, ಕೇಳಿದವರು ಅದನ್ನೇ ತಿರುಗಿ ಹೇಳುವುದು, ಇದು ತಂಡದ ನಿಯಮ ಆಗಬೇಕು.

ಸೆಟ್‌ನ ಮೈಕಟ್ಟೂ ಈ ಅಭ್ಯಾಸಕ್ಕೆ ಸೇರಿದ್ದು. ದಪ್ಪ ಗ್ಲೌಸ್ ಹಾಕಿಕೊಂಡು, ಕತ್ತಲಲ್ಲಿ, ಹೊಗೆಯಲ್ಲಿ ಚಾನೆಲ್ ಬದಲಿಸಲು ಆಗಬೇಕು. ಅದಕ್ಕೆ ಪರದೆಯ ಮೆನುಗಿಂತ ಮೇಲೆ ತಿರುಗಿಸುವ ಗುಂಡಿ ಒಳ್ಳೆಯದು. ಒಂದನೇ ನಂಬರಿನಲ್ಲಿ ಅದು ತಡೆದು ನಿಲ್ಲಬೇಕು, ಸುತ್ತ ತಿರುಗುತ್ತಲೇ ಇರಬಾರದು. ಆಗ ಹಿಂದಕ್ಕೆ ಪೂರ್ತಿ ತಿರುಗಿಸಿ, ಟಕ್ ಟಕ್ ಎಣಿಸಿಕೊಂಡು ನಾಲ್ಕನೇ ಚಾನೆಲ್‌ಗೆ ಬರಬಹುದು, ನೋಡುವ ಅಗತ್ಯವೇ ಇಲ್ಲ. ತುರ್ತು ಬಟನ್ ಆಂಟೆನಾದ ಬುಡದಲ್ಲಿ ಇದ್ದರೆ ಬೆರಳು ತಾನಾಗಿ ಹೋಗುತ್ತದೆ. ಸೆಟ್ಟನ್ನು ಆಂಟೆನಾ ಹಿಡಿದು ಎತ್ತುವ ಚಾಳಿ ಮಾತ್ರ ನಿಲ್ಲಿಸಿ. ಒಳಗಿನ ತಂತಿ ಮುರಿದರೂ ರಬ್ಬರ್ ಹೊರಗೆ ಚೆನ್ನಾಗಿಯೇ ಕಾಣುತ್ತದೆ, ಸೆಟ್ ಯಾಕೆ ದೂರ ಹೋಗುತ್ತಿಲ್ಲ ಅಂತ ಯಾರಿಗೂ ತಿಳಿಯುವುದಿಲ್ಲ.

ಕೊಳ್ಳುವ ಮುಂಚಿನ ಒಂದು ದಿನ

ಆರ್ಡರ್ ಕೊಡುವ ಮೊದಲು ಮಾರುವವರಿಂದ ನಾಲ್ಕು ಸೆಟ್ ಕೇಳಿ ತಂದು ಒಂದು ದಿನ ನಿಮ್ಮ ಜಾಗದಲ್ಲೇ ಓಡಾಡಿ. ನಕ್ಷೆಯ ಮೇಲೆ ಜಾಗಗಳಿಗೆ ನಂಬರ್ ಹಾಕಿ. ನೆಲಮಾಳಿಗೆ, ಲಿಫ್ಟಿನ ಗುಂಡಿ, ಕಣಿವೆಯ ತಳ, ಟ್ಯಾಂಕಿನ ಹಿಂಬದಿ ಯಾವುದನ್ನೂ ಬಿಡಬೇಡಿ. ಪ್ರತಿ ಜಾಗದಿಂದಲೂ ಎರಡೂ ಕಡೆಯಿಂದ ಮಾತಾಡಿ, "ಹಲೋ ಹಲೋ" ಬೇಡ, ಗೊತ್ತಿಲ್ಲದ ಒಂದು ವಾಕ್ಯ ಓದಿ. ಕೇಳಿದವರು ಅದನ್ನು ಬರೆದುಕೊಳ್ಳಲಿ. ರೇಡಿಯೋ ಕೆಲಸದವರು ಮಾತಿನ ಗುಣಮಟ್ಟಕ್ಕೆ ಡಿಎಕ್ಯೂ ಅನ್ನುವ ಅಳತೆ ಇಟ್ಟುಕೊಂಡಿದ್ದಾರೆ. ಅದರಲ್ಲಿ 3.4 ಅಂದರೆ ಸ್ವಲ್ಪ ಸದ್ದು ಇದ್ದರೂ ಮಾತು ಅರ್ಥವಾಗುತ್ತದೆ, ಇನ್ನೊಮ್ಮೆ ಹೇಳಿ ಅನ್ನುವುದು ಅಪರೂಪ. ಸುರಕ್ಷತೆಯ ಕೆಲಸಕ್ಕೆ ಅದಕ್ಕಿಂತ ಕೆಳಗೆ ಒಪ್ಪಬೇಡಿ. ಮಳೆಗಾಲದಲ್ಲೂ ಕೆಲಸ ಇದ್ದರೆ ಮರಗಳಲ್ಲಿ ಎಲೆ ತುಂಬಿದ ಕಾಲದಲ್ಲೇ ನೋಡಿ.

ಹೀಗೆ ಒಂದು ದಿನಕ್ಕೆ ಸೆಟ್ ಕೊಡಲು ಒಪ್ಪದ ಅಂಗಡಿಯಿಂದ ನಾನಂತೂ ಕೊಳ್ಳಲಾರೆ. ಒಪ್ಪಿದವರ ಹತ್ತಿರ ಇನ್ನೊಂದು ಮಾತು ಕಾಗದದಲ್ಲೇ ಬರೆಸಿಕೊಳ್ಳಿ. ಸೆಟ್‌ಗಳಿಗೆ ಫ್ರೀಕ್ವೆನ್ಸಿ, ಚಾನೆಲ್ ತುಂಬಿಸಿದ ಪ್ರೋಗ್ರಾಮಿಂಗ್ ಫೈಲ್, ಅದರ ಪಾಸ್‌ವರ್ಡ್, ಕೇಬಲ್, ಸಾಫ್ಟ್‌ವೇರ್ ನಿಮ್ಮ ಕೈಗೆ ಬರಬೇಕು. ಇಲ್ಲದಿದ್ದರೆ ಎರಡು ವರ್ಷದ ನಂತರ ಪಕ್ಕದ ತಂಡದ ಜೊತೆ ಮಾತಾಡಲು ಒಂದೇ ಒಂದು ಚಾನೆಲ್ ಸೇರಿಸಬೇಕು ಅಂದರೂ ಎಲ್ಲ ಸೆಟ್‌ಗಳನ್ನು ಪ್ಯಾಕ್ ಮಾಡಿ ಅವರಿಗೆ ಕಳಿಸಿ, ವಾಪಸ್ ಬರುವವರೆಗೆ ತಂಡ ಬರಿಗೈಯಲ್ಲಿ ಕಾಯಬೇಕಾಗುತ್ತದೆ.